ದುರ್ಗಮ್ಮನ ಕಂಬದ ಗೆರೆಗಳು ನೀರಿನವಲ್ಲ

ರಾಜಧಾನಿಯ ಇಂಜಿನಿಯರಿಂಗ್ ಕಾಲೇಜಿನ ಮಾನ್ಯ ಪ್ರಿನ್ಸಿಪಾಲ್ ಸಾಹೇಬರೇ,

ನಾನು ಪ್ರವಾಹವಲ್ಲ. ಲಿಂಗಸುಗೂರಿನ ತಹಶೀಲ ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಚಾಪೆ ಹಾಸಿಕೊಂಡು ಕಂಡವರ ಅರ್ಜಿ ಬರೆದುಕೊಡುವ ಕುಂಬಾರ ಜಂಬಣ್ಣ. ಆದರೆ ತಮ್ಮ ಕಾಲೇಜಿನ ವಾರ್ಷಿಕ ಸಮಾಚಾರ ಪತ್ರಿಕೆಯ ಹದಿನೇಳನೆಯ ಪುಟದಲ್ಲಿ ನಾನು ಫಸಲಿ 1314ರಲ್ಲಿ, ಅಂದರೆ ಮೂವತ್ತೇಳು ವರ್ಷದ ಹಿಂದೆ, ಬಂದುಹೋದ ಮೂರಡಿ ಎರಡಂಗುಲದ ಪ್ರವಾಹವೆಂದು ಅಚ್ಚಾಗಿದೆ. ಮಡಕೆಯ ಬಂಡಿ ಹೊಡೆಯುವ ನನ್ನ ಗೆಳೆಯ ಹುಸೇನಪ್ಪ ಅದೇ ಪುಟದಲ್ಲಿ ಶತಮಾನದ ಮಹಾಪ್ರವಾಹವಾಗಿದ್ದಾನೆ. ನಮ್ಮ ಓಣಿಯವರು ಒಟ್ಟು ಅರವತ್ತೊಂದು ಜನ ಹೀಗೆ ತಮ್ಮ ಕಾಲೇಜಿನ ಕೃಪೆಯಿಂದ ನೀರಾಗಿದ್ದೇವೆ. ಈ ಸಂಶೋಧನೆ ಮಾಡಿದ ತಮ್ಮ ಹಳೆಯ ವಿದ್ಯಾರ್ಥಿಗೆ ಬಂಗಾರದ ಪದಕ ಸಿಕ್ಕಿತು. ನಮ್ಮ ಕುಂಬಾರ ಓಣಿಯ ನಲವತ್ತೆರಡು ಮನೆಗಳಿಗೆ, ಯುಗಾದಿಯೊಳಗೆ ಖಾಲಿ ಮಾಡಿ ಹೊರಡಿರೆಂಬ ಹುಕುಂ ಸಿಕ್ಕಿತು. ಪದಕದ ವಿಷಯ ತಮಗೆ ಗೊತ್ತು. ಹುಕುಮಿನ ವಿಷಯ ತಮಗೆ ಗೊತ್ತಿಲ್ಲವೆಂದೇ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಗೊತ್ತಿದ್ದರೆ ನಂಬಿಕೆ ನನ್ನದು, ತಪ್ಪು ತಮ್ಮದು.

ಇಪ್ಪತ್ತೆರಡು ವರ್ಷಗಳಿಂದ ನಾನು ಪ್ರತಿಯೊಂದು ಕಾಗದವನ್ನೂ 'ಫಿದ್ವಿಯು ಅತ್ಯಂತ ಅದಬಿನಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ' ಎಂದೇ ಶುರು ಮಾಡಿದವನು. ಫಿದ್ವಿ ಎಂದರೆ ಪಾದಸೇವಕ; ಸರಕಾರದ ಮುಂದೆ ಬಾಗುವುದೇ ನನ್ನ ಕಸುಬು. ಬಾಗಿ ಬಾಗಿ ನನ್ನ ಅಕ್ಷರಗಳಿಗೇ ಗೂನು ಬಂದಿದೆ ಎಂದು ಗಿರಾಕಿಗಳು ನಗುತ್ತಾರೆ. ಈ ಸಲ ಬಾಗುವುದಿಲ್ಲ. ಬಾಗಿ ಬರೆದದ್ದೂ ಸೇರಿ ಎರಡು ಪತ್ರಗಳು ಈಗಾಗಲೇ ತಮ್ಮ ಕಚೇರಿಯಲ್ಲಿವೆ. ಅವುಗಳ ಕಥೆ ಮುಂದೆ ಹೇಳುತ್ತೇನೆ. ಅದಕ್ಕೇ ಇದನ್ನು ನಮ್ಮ ಸಂಸ್ಥಾನದ ಗಡಿಯಾಚೆ ಗದಗಿನ ಕಡೆಯ ಒಂದು ಕನ್ನಡ ವಾರಪತ್ರಿಕೆಗೆ ಕೊಟ್ಟು, ಎಲ್ಲರೂ ಓದುವಂತೆ ಅಚ್ಚು ಹಾಕಿಸುತ್ತಿದ್ದೇನೆ. ತಮ್ಮಲ್ಲಿ ಕನ್ನಡ ಬಲ್ಲವರಿಲ್ಲದಿದ್ದರೆ ದಯಮಾಡಿ ಯಾರನ್ನಾದರೂ ಹುಡುಕಿ ಓದಿಸಿಕೊಳ್ಳಬೇಕು. ಉರ್ದುವಿನಲ್ಲಿ ಬಂದ ಹುಕುಮನ್ನು ಕೈಯಲ್ಲಿ ಹಿಡಿದುಕೊಂಡು, ಓದಿ ಹೇಳುವವರನ್ನು ಹುಡುಕುತ್ತ ಬಿಸಿಲಲ್ಲಿ ನಿಲ್ಲುವುದು ಎಂಥ ಸುಖವೆಂದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಒಮ್ಮೆ ತಾವೂ ಅನುಭವಿಸಿರಿ.

ನಮ್ಮೂರು ಮಸ್ಕಿಯಿಂದ ಲಿಂಗಸುಗೂರಿಗೆ ಬರುವ ದಾರಿಯಲ್ಲಿ ಎಡಕ್ಕೆ ಒಂದು ಹರದಾರಿ. ಊರ ಮೇಲುಗಡೆ ಕೆರೆ. ಕೆರೆಯ ದಂಡೆಗೆ ಒಂದು ದೊಡ್ಡ ಬಂಡೆ, ಬಂಡೆಯ ನೆತ್ತಿಯ ಮೇಲೆ ದುರ್ಗಮ್ಮನ ಮಂಟಪ. ಮಂಟಪಕ್ಕೆ ನಾಲ್ಕು ಕಂಬ, ಮೂಡಣ ದಿಕ್ಕಿನ ಒಂದು ಕಂಬದ ತುಂಬ ಕೆಮ್ಮಣ್ಣಿನ ಅಡ್ಡಗೆರೆಗಳು. ಈ ಗೆರೆಗಳು ಏನೆಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕುಂಬಾರ ಓಣಿಯಲ್ಲಿ ಮಕ್ಕಳಿಗೆ ಸಿಡುಬು ಬಂದು, ಬದುಕಿ ಎದ್ದರೆ, ಮೈಮೇಲಿನ ಹೆಕ್ಕಳಿಕೆ ಉದುರಿದ ಮೇಲೆ ಒಂದು ಮಂಗಳವಾರ ತಾಯಿ ಮಗುವನ್ನು ಮಂಟಪಕ್ಕೆ ಕರೆದುಕೊಂಡು ಹೋಗುತ್ತಾಳೆ. ಆ ಕಂಬಕ್ಕೆ ಬೆನ್ನು ಹಚ್ಚಿ ನಿಲ್ಲಿಸುತ್ತಾಳೆ. ನಾವು ಮಡಕೆಗೆ ಬಳಿಯುವ ಕೆಮ್ಮಣ್ಣನ್ನೇ ಕಲಸಿ, ಮಗುವಿನ ನೆತ್ತಿಯ ಮಟ್ಟಕ್ಕೆ ಬೆರಳಿನಿಂದ ಗೆರೆ ಎಳೆದು, 'ಇಷ್ಟುದ್ದ ಉಳಿಸಿಕೊಟ್ಟಿ ತಾಯಿ, ಇನ್ನ ಮ್ಯಾಲೂ ನೀನೇ ಕಾಯಿ' ಎಂದು ಕೈ ಮುಗಿಯುತ್ತಾಳೆ. ಗೆರೆ ಮಾಸಿದರೆ ದೀಪಾವಳಿಯ ಹಿಂದಿನ ದಿನ ಮತ್ತೆ ತೀಡುತ್ತಾರೆ. ಅಳಿಸುವುದಂತೂ ಇಲ್ಲ. ಅಳಿಸಿದರೆ ಕೊಟ್ಟವಳಿಗೆ ವಾಪಸು ಕೊಟ್ಟ ಹಾಗೆ ಎಂದು ನಮ್ಮ ಹೆಂಗಸರ ನಂಬಿಕೆ. ಇದು ಮೂಢನಂಬಿಕೆಯೋ ಅಲ್ಲವೋ ಎಂದು ತಮ್ಮೊಡನೆ ವಾದಿಸಲು ನಾನು ಬಂದಿಲ್ಲ. ಅಚ್ಚಾದದ್ದೆಲ್ಲ ನಿಜ ಎನ್ನುವ ನಂಬಿಕೆಯೂ ಲೋಕದಲ್ಲಿದೆ, ಅದರಿಂದ ಆಗುವ ಅನಾಹುತವನ್ನು ನಾನೀಗ ಕಣ್ಣಾರೆ ನೋಡುತ್ತಿದ್ದೇನೆ.

ಎರಡು ವರ್ಷದ ಹಿಂದೆ ತಮ್ಮ ಹಳೆಯ ವಿದ್ಯಾರ್ಥಿ ಮೂರು ಕಾಲಿನ ಯಂತ್ರವನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದರು. ಮಸ್ಕಿಯ ಗುಡ್ಡದಲ್ಲಿ ಅಶೋಕ ಮಹಾರಾಜನ ಶಾಸನ ಸಿಕ್ಕಂದಿನಿಂದ ನಮ್ಮ ಸೀಮೆಯ ಕಲ್ಲುಗಳಿಗೆ ನೆಮ್ಮದಿಯಿಲ್ಲ. ಟೋಪಿ ಹಾಕಿದವರು ಯಾರೇ ಬಂದರೂ ಮೊದಲು ಕಲ್ಲು ಸವರಿ ನೋಡುತ್ತಾರೆ, ಆಮೇಲೆ ಮನುಷ್ಯರ ಕಡೆ ತಿರುಗುತ್ತಾರೆ. ಇವರು ಮನುಷ್ಯರ ಕಡೆ ತಿರುಗಲೇ ಇಲ್ಲ. ಕೆರೆಯ ದಂಡೆಯ ಮಂಟಪ, ಮಂಟಪದ ಕಂಬದಲ್ಲಿ ಅಡ್ಡಗೆರೆ, ಇನ್ನೇನು ಬೇಕು? ಹಿರಿಯರು ವರ್ಷವರ್ಷವೂ ನೆರೆಯ ಮಟ್ಟ ಗುರುತಿಸಿಟ್ಟಿದ್ದಾರೆಂದು ಬಂಡಿಯಿಂದ ಇಳಿಯುವ ಮೊದಲೇ ಅವರಿಗೆ ಹೊಳೆದುಹೋಯಿತು. ಇನ್ನು ಉಳಿದದ್ದು ಯಾವ ಗೆರೆ ಯಾವ ವರ್ಷದ್ದು ಎನ್ನುವುದು ಮಾತ್ರ. ಅದಕ್ಕೆ ಮಂಟಪದ ಕಸ ಗುಡಿಸುವ ಗಾಳೆಮ್ಮನನ್ನು ಕರೆಸಿದರು. ಎಂಬತ್ತರ ಮುದುಕಿ, ನಮ್ಮ ಓಣಿಯ ಎಲ್ಲರ ಹುಟ್ಟು ಸಾವು ಅವಳ ನಾಲಿಗೆಯ ತುದಿಯಲ್ಲಿದೆ. ಅವಳ ಕನ್ನಡವನ್ನು ಸಾಹೇಬರ ಉರ್ದುವಿಗೆ ತಿರುಗಿಸಲು ಕಚೇರಿಯ ಜವಾನ ರಾಜೇಸಾಬ್ ನಿಂತಿದ್ದ. ಅಂದು ನಡೆದದ್ದನ್ನು ಅವನ ಬಾಯಿಂದಲೇ ಕೇಳಿದ್ದೇನೆ.

"ಯಮ್ಮಾ, ಈ ಗೆರಿ ಯಾವಾಗಿಂದು ಅಂತ ಕೇಳಾಕತ್ತಾರ ಸಾಹೇಬ್ರು" ಎಂದನಂತೆ ರಾಜೇಸಾಬ್.

"ಇದಾ? ಇದು ಅಂಬಮ್ಮನ ಮಗ ಜಂಬಣ್ಣಂದಪ್ಪಾ. ದೊಡ್ಡ ಬ್ಯಾನಿ ಬಂದ ವರ್ಷದ್ದು. ಆ ವರ್ಷ ಈ ಓಣ್ಯಾಗ ಬಾಳ ಮಂದಿ ಹೋದ್ರು."

ರಾಜೇಸಾಬ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸಾಹೇಬರು ಪೆನ್ಸಿಲ್ ಎತ್ತಿ, "ಹೆಸರುಗಳು ಬೇಡ. ಇಸವಿ ಮಾತ್ರ ಕೇಳು" ಎಂದರು. ಅರವತ್ತೊಂದು ಗೆರೆಗೆ ಅರವತ್ತೊಂದು ಹೆಸರು ಹೇಳಿದಳು ಗಾಳೆಮ್ಮ. ಬರೆದುಕೊಂಡದ್ದು ಇಸವಿಗಳನ್ನು. 1314ರ ಮುಂದೆ ಮಾತ್ರ 'ಅಪಾರ ಜೀವಹಾನಿ' ಎಂಬ ಎರಡು ಪದ ಹೆಚ್ಚಾಗಿ ಬಿದ್ದಿವೆ. ರೋಗದಿಂದ ಸತ್ತವರನ್ನು ನೀರಿನಲ್ಲಿ ಮುಳುಗಿಸಿದ ಕೀರ್ತಿ ಲೋಕದಲ್ಲಿ ಇನ್ನಾವ ಕಾಲೇಜಿಗಾದರೂ ಇದೆಯೇ ಎಂದು ನನಗೆ ಗೊತ್ತಿಲ್ಲ.

"ನಾ ಎರಡು ಸಲ ಹೇಳೀನಿ ಜಂಬಣ್ಣ, ಇದು ಹುಡುಗ್ರದು ಅಂತ" ಎಂದು ರಾಜೇಸಾಬ್ ಈಗ ತಲೆ ಚಚ್ಚಿಕೊಳ್ಳುತ್ತಾನೆ. "ಮೂರನೇ ಸಲ ಬಾಯಿ ತೆಗೆದ್ರ, ನಿನಗೇನು ತಿಳಿತೈತಿ ಅಂದ್ರು. ನನಗೇನು ತಿಳಿತೈತಿ ಅಂತ ನಾನೂ ಸುಮ್ಕಾದೆ." ಇಡೀ ಪ್ರಕರಣದಲ್ಲಿ ತಪ್ಪು ಒಪ್ಪಿಕೊಂಡವನು ಇವನೊಬ್ಬನೇ. ತಪ್ಪು ಮಾಡದವನೂ ಇವನೊಬ್ಬನೇ.

ಈಗ ತಮ್ಮ ಪತ್ರಿಕೆಗೆ ಬರುತ್ತೇನೆ. ಬಹಳ ಚೆಂದದ ಕಾಗದ, ಒಳ್ಳೆಯ ಕಲ್ಲಚ್ಚು. ಹಳೆಯ ವಿದ್ಯಾರ್ಥಿಗಳ ಸಮಾಚಾರವನ್ನು ನಾನು ತುಂಬ ಕುತೂಹಲದಿಂದ ಓದಿದೆ. ಒಬ್ಬರಿಗೆ ಬಡ್ತಿಯಾಗಿದೆ. ಒಬ್ಬರು ಜಿಂಕೆ ಹೊಡೆದಿದ್ದಾರೆ. ಇನ್ನೊಬ್ಬರ ನಿಕಾಹಕ್ಕೆ ಕಾಲೇಜಿನ ಅಧ್ಯಾಪಕರೆಲ್ಲ ಹೋಗಿ ಬಿರಿಯಾನಿಯ ಬಗ್ಗೆ ಒಮ್ಮತದ ಅಭಿಪ್ರಾಯಕ್ಕೆ ಬಂದಿದ್ದಾರೆ. ಒಬ್ಬರು ಕಟ್ಟಿದ ಸೇತುವೆಯ ಉದ್ಘಾಟನೆಯ ವರದಿ ಒಂದು ಪುಟವಿದೆ, ಸೇತುವೆ ಯಾವ ಹಳ್ಳದ ಮೇಲಿದೆ ಎಂಬುದು ಮಾತ್ರ ಇಲ್ಲ. 'ಜನಸೇವೆ' ಎಂಬ ತಲೆಬರಹದ ಕೆಳಗೆ, ಕಾಲೇಜಿನವರು ಸಿಂಧನೂರಿನ ಕಡೆ ಬಂದು ಹಳ್ಳಿಗರಿಗೆ ನೀರನ್ನು ಕುದಿಸಿ ಕುಡಿಯಬೇಕೆಂದು ತಿಳಿಹೇಳಿದರು ಎಂದಿದೆ. ಉರಿಯುವ ಆವಿಗೆಯ ಮುಂದೆ ಬೆವರುವ ಕುಂಬಾರರಿಗೆ ಬೆಂಕಿಯ ಉಪಯೋಗ ಹೇಳಿಕೊಟ್ಟದ್ದಕ್ಕೆ ನಾವು ಸದಾ ಋಣಿ. ಅದಾದ ಮೇಲೆ ಬರುತ್ತದೆ ಹದಿನೇಳನೆಯ ಪುಟ: 'ಮಸ್ಕಿ ಪ್ರಾಂತದ ಒಂದು ಕೆರೆಯ ನೂರು ವರ್ಷದ ನೆರೆಗಳು'. ಮೇಲೆ ಒಂದು ಫೋಟೋ. ತಮ್ಮ ಹಳೆಯ ವಿದ್ಯಾರ್ಥಿ ಕಂಬಕ್ಕೆ ಒರಗಿ ನಿಂತಿದ್ದಾರೆ. ಪಕ್ಕದಲ್ಲಿ ಒಂದು ಬಳೆ ತೊಟ್ಟ ಮುದಿ ಕೈ ಗೆರೆಯನ್ನು ತೋರಿಸುತ್ತಿದೆ. ಅದು ಗಾಳೆಮ್ಮನ ಕೈ, ಮೊಣಕೈವರೆಗೆ ಮಾತ್ರ. ಉಳಿದ ಗಾಳೆಮ್ಮ ಫೋಟೋದ ಹೊರಗೆ.

ಲೇಖನದ ಪಾಂಡಿತ್ಯಕ್ಕೆ ನಾನು ತಲೆದೂಗಿದೆ, ಬೇರೇನೂ ಮಾಡಲು ತೋಚದೆ. ನಮ್ಮ ಕೆರೆಯ ನೆರೆಗಳಲ್ಲಿ ಹೆಚ್ಚಿನವು ಎರಡೂವರೆ ಅಡಿಯಿಂದ ನಾಲ್ಕು ಅಡಿಯ ಒಳಗೇ ಇವೆಯಂತೆ; ಇದು ನಿಸರ್ಗದ ಒಂದು ಅಚ್ಚರಿಯ ನಿಯಮವಂತೆ. ಸಾಹೇಬರೇ, ಮೂರು ವರ್ಷದಿಂದ ಎಂಟು ವರ್ಷದವರೆಗಿನ ಮಕ್ಕಳು ಸಾಮಾನ್ಯವಾಗಿ ಅಷ್ಟೇ ಎತ್ತರ ಇರುತ್ತಾರೆ. ಇದನ್ನು ತಿಳಿಯಲು ಕಾಲೇಜು ಬೇಕಾಗಿಲ್ಲ, ಮನೆಯಲ್ಲೊಂದು ಮಗು ಇದ್ದರೆ ಸಾಕು. ಇತ್ತೀಚಿನ ಇಪ್ಪತ್ತು ವರ್ಷಗಳಲ್ಲಿ ನೆರೆಗಳ ಸಂಖ್ಯೆ ಆತಂಕಕಾರಿಯಾಗಿ ಹೆಚ್ಚಿದೆಯಂತೆ. ಹೌದು, ನಮ್ಮ ಓಣಿಯಲ್ಲಿ ಸೊಸೆಯಂದಿರ ಸಂಖ್ಯೆ ಹೆಚ್ಚಿದೆ. ಇನ್ನು ಮಹಾಪ್ರವಾಹ: ಫಸಲಿ 1322, ಐದಡಿ ಹತ್ತಂಗುಲ. ಆ ವರ್ಷ ಮಳೆಯೇ ಆಗಿರಲಿಲ್ಲ. ಕೆರೆಯ ತಳದಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಿಂದ ನೀರು ಮೊಗೆದು ಕುಡಿದದ್ದು ನನಗೇ ನೆನಪಿದೆ. ಆ ವರ್ಷ ಇಪ್ಪತ್ತರ ಹರೆಯದ ಹುಸೇನಪ್ಪನಿಗೆ ಸಿಡುಬು ಬಂತು. ತಾಯಿ ಇರಲಿಲ್ಲ, ಹೆಂಡತಿ ಯಂಕಮ್ಮ ಮಂಟಪದಲ್ಲಿ ಕಲ್ಲು ಹತ್ತಿ ನಿಂತು, ಗಂಡನ ನೆತ್ತಿಗೆ ಕೈ ಎಟುಕಿಸಿ ಗೆರೆ ಎಳೆದಳು. ತಾವು ನಂಬದಿದ್ದರೆ ಪ್ರವಾಹವು ಪ್ರತಿ ಸೋಮವಾರ ಸಿಂಧನೂರಿನ ಸಂತೆಯಲ್ಲಿ ಮಡಕೆ ಇಳಿಸುತ್ತಿರುತ್ತದೆ, ಬಂದು ಮಾತಾಡಿಸಬಹುದು.

ಅದೂ ಹೋಗಲಿ. ಮಂಟಪ ಇರುವುದು ಕೆರೆಯ ಏರಿಗಿಂತ ಎರಡಾಳು ಎತ್ತರದ ಬಂಡೆಯ ಮೇಲೆ. ಕಂಬದ ಗೆರೆಗೆ ನೀರು ಮುಟ್ಟಬೇಕಾದರೆ ಏರಿಯ ಮೇಲೆ ಎರಡಾಳಿಗೂ ಹೆಚ್ಚು ನೀರು ಹರಿದಿರಬೇಕು. ಹಾಗೆ ಅರವತ್ತೊಂದು ಸಲ ಹರಿದರೂ ಮಣ್ಣಿನ ಏರಿ ಒಮ್ಮೆಯೂ ಒಡೆದಿಲ್ಲ! ನಿಜವಾಗಿ ಪದಕ ಕೊಡಬೇಕಾದದ್ದು ಅಂಥ ಏರಿ ಕಟ್ಟಿದ ನಮ್ಮ ಮುತ್ತಜ್ಜಂದಿರಿಗೆ. ತಮ್ಮ ಕಾಲೇಜಿನಲ್ಲಿ ಈ ಲೇಖನವನ್ನು ಓದಿದವರು, ತಿದ್ದಿದವರು, ಪದಕಕ್ಕೆ ಆರಿಸಿದವರು, ಚಪ್ಪಾಳೆ ತಟ್ಟಿದವರು, ಇಷ್ಟು ಜನರಲ್ಲಿ ಒಬ್ಬರಿಗಾದರೂ ಏರಿಯ ನೆನಪಾಗಲಿಲ್ಲವೇ? ಅಥವಾ ನೀರು ಕೆಳಕ್ಕೆ ಹರಿಯುತ್ತದೆ ಎಂಬ ಪಾಠ ಮುಂದಿನ ತರಗತಿಗಳಲ್ಲಿ ಬರುತ್ತದೆಯೇ?

ಲೇಖನದ ಜೊತೆ ಒಂದು ನಕ್ಷೆಯೂ ಇದೆ. ಆ ಮಟ್ಟಕ್ಕೆ ನೀರು ನಿಂತರೆ ಇಡೀ ಊರು ಮುಳುಗಬೇಕು. ಚಾವಡಿ ಮುಳುಗಬೇಕು, ಪೊಲೀಸ ಪಾಟೀಲರ ವಾಡೆ ಮುಳುಗಬೇಕು. ಆದರೆ ನಕ್ಷೆಯಲ್ಲಿ ನೆರೆಯ ನೀಲಿ ಗೆರೆ ಕೆರೆಯಿಂದ ಇಳಿದು, ಚಾವಡಿಯ ಹತ್ತಿರ ಬಂದು, ವಿನಯದಿಂದ ಬಳಸಿಕೊಂಡು ಹೋಗಿ, ವಾಡೆಯನ್ನು ದೂರದಿಂದಲೇ ಕೈಮುಗಿದು ದಾಟಿ, ನೇರವಾಗಿ ಕುಂಬಾರ ಓಣಿಗೆ ನುಗ್ಗುತ್ತದೆ. ಇಷ್ಟು ಮರ್ಯಾದಸ್ಥ ನೀರನ್ನು ನಾನು ಕಂಡಿಲ್ಲ. ಈ ನಕ್ಷೆಯ ಆಧಾರದ ಮೇಲೆ, ಕೆರೆ ರಸ್ತೆಗಳನ್ನು ನೋಡಿಕೊಳ್ಳುವ ತಾಮೀರಾತ್ ಕಚೇರಿಯಿಂದ ಹೋದ ದೀಪಾವಳಿಯ ಹೊತ್ತಿಗೆ ಹುಕುಂ ಬಂತು: ನಲವತ್ತೆರಡೂ ಮನೆ ಮುಂದಿನ ಮುಂಗಾರಿನ ಮಿರಗಾ ಮಳೆಯೊಳಗೆ ಖಾಲಿಯಾಗಬೇಕು, ಗೋಡೆಗಳನ್ನು ಕೆಡವಲಾಗುವುದು, ಲಿಂಗಸುಗೂರು ರಸ್ತೆಯ ಆಚೆ ಗರಸು ನೆಲದಲ್ಲಿ ಜಾಗ ಕೊಡಲಾಗುವುದು. ಅಲ್ಲಿ ನೀರಿಲ್ಲ, ಜೇಡಿ ಇಲ್ಲ. ಕುಂಬಾರನನ್ನು ಕೆರೆಯ ಮಣ್ಣಿನಿಂದ ಮೂರು ಮೈಲಿ ದೂರ ಕೂರಿಸಿದರೆ ಅವನು ಮಾಡುವ ಕೆಲಸ ಯಾವುದು? ಬಹುಶಃ ಅದರ ಮೇಲೂ ತಮ್ಮಲ್ಲಿ ಸಂಶೋಧನೆ ನಡೆಯುತ್ತಿರಬಹುದು.

ನಾನು ತಾಮೀರಾತ್ ಕಚೇರಿಗೆ ಅರ್ಜಿ ಕೊಟ್ಟೆ. ದೊಡ್ಡವರು ಓದಿದರು, ಕನ್ನಡಕ ತೆಗೆದರು. "ಜಂಬಣ್ಣ, ನಿನ್ನ ಅರ್ಜಿ ಕೈಬರಹ. ಇದು ಅಚ್ಚಾದ ಪುಸ್ತಕ. ಸರ್ಕಾರ ಯಾವುದನ್ನ ನಂಬಬೇಕು ನೀನೇ ಹೇಳು" ಎಂದರು. ಮಂಟಪ ಇಲ್ಲೇ ಇದೆ, ಬಂದು ನೋಡಬಹುದಲ್ಲ ಎಂದೆ. ಕಾಲೇಜಿನವರು ನೋಡಿದ ಮೇಲೆ ನಾವು ನೋಡುವುದು ಅಧಿಕಪ್ರಸಂಗ, ಬೇಕಾದರೆ ಕಾಲೇಜಿನಿಂದಲೇ ತಿದ್ದುಪಡಿ ತರಿಸು ಎಂದರು. ಹಾಗೆ ತಮಗೆ ಮೊದಲ ಪತ್ರ ಬರೆದೆ, ಅತ್ಯಂತ ಅದಬಿನಿಂದ. ಒಂದೂವರೆ ತಿಂಗಳಿಗೆ ಉತ್ತರ ಬಂತು: 'ತಮ್ಮ ಆಸಕ್ತಿಗೆ ಸಂತೋಷ. ಇನ್ನೂ ಹಳೆಯ ನೆರೆಗಳ ಮಾಹಿತಿ ತಮ್ಮಲ್ಲಿದ್ದರೆ ಅಡಿ ಅಂಗುಲಗಳ ಸಮೇತ ಲಗತ್ತಿಸಿದ ನಮೂನೆಯಲ್ಲಿ ತುಂಬಿ ಕಳಿಸುವುದು.' ನಾನು ಹುಸೇನಪ್ಪನನ್ನು ಗೋಡೆಗೆ ನಿಲ್ಲಿಸಿ ಅಳೆದು, ನಮೂನೆಯನ್ನು ತುಂಬಿದೆ. 'ನೆರೆಯ ಈಗಿನ ಎತ್ತರ: ಐದಡಿ ಒಂಬತ್ತಂಗುಲ, ಬೆನ್ನು ಸ್ವಲ್ಪ ಬಾಗಿದ್ದರಿಂದ. ನೆರೆಯ ಸದ್ಯದ ಸ್ಥಿತಿ: ಬಲಗಾಲಿನ ಮಂಡಿ ನೋವು. ನೆರೆಗೆ ಕಾರಣ: ಅವರ ತಂದೆತಾಯಿ.' ಇದು ಎರಡನೆಯ ಪತ್ರ. ಇದಕ್ಕೆ ಉತ್ತರ ಬಂದಿಲ್ಲ. ಮುಂದಿನ ಸಂಚಿಕೆಯಲ್ಲಿ ಅದನ್ನೂ ಸಂಶೋಧನೆಯೆಂದು ಅಚ್ಚು ಹಾಕಿಬಿಡುತ್ತೀರೇನೋ ಎಂಬ ಹೆದರಿಕೆ ನನಗೆ ಇದ್ದೇ ಇದೆ.

ಇಷ್ಟು ಹೊತ್ತು ನಗುತ್ತ ಬರೆದೆ. ಒಂದು ಮಾತನ್ನು ಮಾತ್ರ ನಗುತ್ತ ಬರೆಯಲು ನನ್ನಿಂದಾಗುವುದಿಲ್ಲ. ತಮ್ಮ ಲೇಖನದ ಕೊನೆಯಲ್ಲಿ ಒಂದು ವಾಕ್ಯವಿದೆ: 'ಎರಡೂವರೆ ಅಡಿಗಿಂತ ಕಡಿಮೆ ಮಟ್ಟದ ನೆರೆ ಒಂದೂ ದಾಖಲಾಗಿಲ್ಲ, ಈ ತೆರವು ಸ್ವಾರಸ್ಯಕರವಾಗಿದೆ.' ಫಸಲಿ 1314ರಲ್ಲಿ ನಮ್ಮ ಮನೆಯಲ್ಲಿ ಇಬ್ಬರಿಗೆ ಸಿಡುಬು ಬಂದಿತ್ತು. ನನಗೆ ಐದು ವರ್ಷ, ನನ್ನ ತಮ್ಮ ಸೂಗಪ್ಪನಿಗೆ ಒಂದೂ ತುಂಬಿರಲಿಲ್ಲ. ಆಗತಾನೇ ಗೋಡೆ ಹಿಡಿದು ನಿಲ್ಲುವುದನ್ನು ಕಲಿತಿದ್ದ. ನಮ್ಮವ್ವ ಅಂಬಮ್ಮ ಇಬ್ಬರಿಗೂ ಸಾಲುವಷ್ಟು ಕೆಮ್ಮಣ್ಣನ್ನು ಮೊದಲೇ ನೆನೆಹಾಕಿಟ್ಟಿದ್ದಳು. ಮಂಟಪಕ್ಕೆ ನನ್ನೊಬ್ಬನನ್ನೇ ಕರೆದುಕೊಂಡು ಹೋದಳು. ನನ್ನ ಗೆರೆ ಎಳೆದ ಮೇಲೆ ಬೆರಳಲ್ಲಿ ಉಳಿದ ಕೆಮ್ಮಣ್ಣನ್ನು ಒರೆಸಿಕೊಳ್ಳದೆ ಬಹಳ ಹೊತ್ತು ಕಂಬದ ಕೆಳಭಾಗವನ್ನೇ ನೋಡುತ್ತ ಕುಳಿತಿದ್ದಳು. ಎದೆಹಾಲು ಕುಡಿಯುವ ಕೂಸುಗಳಿಗೆ ಸಿಡುಬು ಬಂದರೆ ನಮ್ಮ ಕಡೆ ಉಳಿಯುತ್ತಿದ್ದದ್ದು ಕಡಿಮೆ ಸಾಹೇಬರೇ. ಕಂಬದ ಕೆಳಗಿನ ಆ ಎರಡೂವರೆ ಅಡಿ ಬರಿದಾಗಿರುವುದು ಅದಕ್ಕೆ. ಅದು ಸ್ವಾರಸ್ಯಕರವಲ್ಲ. ಆ ಒಂದು ಪದವನ್ನು ಓದಿದ ದಿನ ತಮ್ಮ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಈಗ ಹುಕುಮಿನ ಗಡುವು ಮಿರಗಾದಿಂದ ಯುಗಾದಿಗೆ ಹಿಂದೆ ಸರಿದದ್ದು ಹೇಗೆಂದು ಹೇಳಬೇಕು. ನನ್ನ ಮಗಳು ಶಿವಬಸಮ್ಮನನ್ನು ಅದೇ ಓಣಿಯಲ್ಲಿ ಕೊಟ್ಟಿದ್ದೇನೆ. ಅವಳ ಮಗಳು ಅಮರಮ್ಮನಿಗೆ ಐದು ವರ್ಷ. ಕಾರ್ತಿಕದಲ್ಲಿ ಆ ಕೂಸಿಗೆ ಸಿಡುಬು ಬಂತು. ಹದಿನೆಂಟು ದಿನ ಬೇವಿನ ಸೊಪ್ಪಿನ ಮೇಲೆ ಮಲಗಿಸಿಕೊಂಡು ಕಾದೆವು. ಬದುಕಿತು. ಎಳ್ಳಮಾವಾಸ್ಯೆ ಕಳೆದ ಮಂಗಳವಾರ ಶಿವಬಸಮ್ಮ ಮಗಳನ್ನು ಮಂಟಪಕ್ಕೆ ಕರೆದೊಯ್ದು ಗೆರೆ ಎಳೆದಳು. ತಮ್ಮ ಪುಸ್ತಕ, ತಮ್ಮ ನಕ್ಷೆ ಯಾವುದೂ ಆ ಹೊತ್ತಿನಲ್ಲಿ ಅವಳಿಗೆ ನೆನಪಿರಲಿಲ್ಲ. ಏಕೆ ಇರಬೇಕು?

ಎರಡು ದಿನದ ಮೇಲೆ ತಾಮೀರಾತ್‌ನ ಓವರಸೀಯರು ಗೆರೆಗಳ ಪಕ್ಕದಲ್ಲಿ ಬಿಳಿ ಬಣ್ಣದಿಂದ ಅಡಿ ಅಂಗುಲ ಬರೆಸಲು ಬಂದರು. ನೋಡಿದರೆ ಲೆಕ್ಕಕ್ಕಿಂತ ಒಂದು ಗೆರೆ ಹೆಚ್ಚು! ದೀಪ ಹಚ್ಚಲು ಬಂದಿದ್ದ ಶಿವಬಸಮ್ಮನನ್ನೇ ಕೇಳಿದರು, "ಇದ್ಯಾವಾಗ ಆತು?"

"ಮೊನ್ನೆ ಮಂಗಳವಾರ್ರೀ" ಎಂದಳು ಅವಳು, ಸಂತೋಷದಿಂದ.

ಓವರಸೀಯರು ಕೆರೆಯ ಕಡೆ ನೋಡಿದರು. ಕೆರೆಯ ಅರ್ಧ ತಳದಲ್ಲಿ ಕುರಿ ಮೇಯುತ್ತಿದ್ದವು. ಪುಸ್ತಕ ತೆಗೆದು ಬರೆದರು: 'ಚಳಿಗಾಲದಲ್ಲಿಯೂ ಮೂರಡಿಯ ನೆರೆ. ನೀರು ಶೀಘ್ರವಾಗಿ ಇಳಿದಿದೆ. ಅಪಾಯ ಹೆಚ್ಚಿದೆ.' ಎರಡು ವಾರಕ್ಕೆ ಹೊಸ ಹುಕುಂ ಬಂತು. ಮಿರಗಾದವರೆಗೆ ಕಾಯುವಂತಿಲ್ಲ, ಯುಗಾದಿಯೊಳಗೆ ಹೊರಡಿ.

ನಾನು ಮಸ್ಕಿಯವರೆಗೆ ನಡೆದುಹೋಗಿ ಓವರಸೀಯರನ್ನು ಕಂಡೆ. ಅವರೂ ನಮ್ಮ ಸೀಮೆಯವರೇ, ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು, "ನನಗೂ ಕಣ್ಣದಾವ ಜಂಬಣ್ಣ. ಆದ್ರ ಗೆರಿ ಅಂದ್ರ ನೀರು ಅಂತ ಪುಸ್ತಕದಾಗ ಬರದೈತಿ. ಇಲ್ಲ ಅಂತ ನಾ ಬರದ್ರ ನನ್ನ ನೌಕರಿ ಹೋಕೈತಿ. ಒಂದು ಕೆಲಸ ಮಾಡ್ರಿ. ಆ ಹೊಸ ಗೆರಿ ಅಳಿಸಿಬಿಡ್ರಿ. ನೋಡಿದ್ದು ತಪ್ಪಾಗಿತ್ತು, ಈ ವರ್ಷ ನೆರಿ ಬಂದಿಲ್ಲ ಅಂತ ಬರದು ಕಳಸ್ತೀನಿ. ಮಿರಗಾತನಕ ನಿಮ್ಮನ್ನ ಯಾರೂ ಎಬ್ಬಸಂಗಿಲ್ಲ."

ಮಿರಗಾತನಕ ಎಂದರೆ ಬೇಸಿಗೆಯ ಆವಿಗೆ ಸುಡಬಹುದು. ನಮ್ಮ ಕಸುಬಿಗೆ ಅದೇ ಕಾಲ. ಹೊಸ ಮಡಕೆಗೆ ಗಿರಾಕಿ ಬರುವುದು ಬಿಸಿಲಲ್ಲೇ. ಒಂದು ಗೆರೆ ಅಳಿಸಿದರೆ ನಲವತ್ತೆರಡು ಮನೆ ಒಂದು ಬೇಸಿಗೆ ಉಳಿಯುತ್ತವೆ. ನಾನು ಮನೆಗೆ ಬಂದು ಈ ಮಾತನ್ನು ಯಾರಿಗೂ ಹೇಳಲಿಲ್ಲ. ಆದರೆ ಓವರಸೀಯರು ಬೇರೆ ಯಾರಿಗೋ ಹೇಳಿದ್ದರು. ಓಣಿಯ ಯಾರೂ ಶಿವಬಸಮ್ಮನಿಗೆ ಒಂದು ಮಾತು ಅನ್ನಲಿಲ್ಲ, ಅದು ನಮ್ಮ ಜನದ ದೊಡ್ಡತನ. ಆದರೆ ಬಾವಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲತೊಡಗಿತು. ಕೂಸನ್ನು ಎತ್ತಿ ಮುದ್ದಾಡುತ್ತಿದ್ದವರು ಕೂಸಿನ ತಲೆಯನ್ನು ಸುಮ್ಮನೆ ನೋಡತೊಡಗಿದರು, ಎಷ್ಟು ಎತ್ತರ ಇದೆ ಎನ್ನುವ ಹಾಗೆ.

ಹೋದ ಶುಕ್ರವಾರ ಬೆಳಿಗ್ಗೆ ಶಿವಬಸಮ್ಮ ಒಂದು ಒದ್ದೆ ಬಟ್ಟೆ ಹಿಂಡಿಕೊಂಡು ಮಗಳ ಕೈ ಹಿಡಿದು ಬಂಡೆ ಹತ್ತುವುದನ್ನು ಕಂಡು ನಾನು ಹಿಂದೆಯೇ ಓಡಿದೆ. ಅವಳು ಕಂಬದ ಮುಂದೆ ನಿಂತಿದ್ದಳು. ಬಟ್ಟೆ ಹಿಡಿದ ಕೈ ಗೆರೆಯ ಹತ್ತಿರ ಹೋಗಿ ಹೋಗಿ ನಿಲ್ಲುತ್ತಿತ್ತು. ಅಮರಮ್ಮ ಅವಳ ಸೆರಗು ಜಗ್ಗಿ ಕೇಳಿತು, "ಯವ್ವಾ, ಅದನ್ನ ಅಳಸಿದ್ರ ನನಗ ಮತ್ತ ಬ್ಯಾನಿ ಬರ್ತೈತೇನು?"

ಶಿವಬಸಮ್ಮ ನನ್ನ ಕಡೆ ತಿರುಗಿದಳು. "ಯಪ್ಪಾ, ನೀನರ ಹೇಳು. ಅಳಸ್ಲ್ಯಾ, ಬ್ಯಾಡಾ? ಊರಿಗೆಲ್ಲಾ ಅರ್ಜಿ ಬರದು ಕೊಡ್ತಿ. ನನಗೊಂದು ಮಾತು ಹೇಳಾಕ ಆಗವಲ್ದಾ ನಿನಗ?"

ಅಳಿಸು ಎಂದರೆ ನಾಳೆ ಆ ಕೂಸಿಗೆ ಒಂದು ಸಣ್ಣ ಜ್ವರ ಬಂದರೂ ಅವಳು ನನ್ನ ಮುಖ ನೋಡುವುದಿಲ್ಲ. ಬೇಡ ಎಂದರೆ ನಲವತ್ತೊಂದು ಮನೆಯವರು ಅವಳ ಮುಖ ನೋಡುವುದಿಲ್ಲ. ನಾನು ಆ ನಂಬಿಕೆಯನ್ನು ನಂಬುತ್ತೇನೋ ಇಲ್ಲವೋ ನನಗೇ ತಿಳಿಯದು. ಆದರೆ ಅವಳು ಹೆತ್ತವಳು, ಹದಿನೆಂಟು ದಿನ ಕಣ್ಣು ಮುಚ್ಚದೆ ಕುಳಿತವಳು. ನಾವು ಮೂವರೂ ಅಲ್ಲೇ ಕುಳಿತೆವು. ಬಿಸಿಲು ಏರಿತು, ಬಟ್ಟೆ ಕೈಯಲ್ಲೇ ಒಣಗಿತು, ಎದ್ದು ಮನೆಗೆ ಬಂದೆವು. ಗೆರೆ ಇನ್ನೂ ಇದೆ. ಅವಳು ಮತ್ತೆ ಹೋಗುತ್ತಾಳೆಂದು ನನಗೆ ಗೊತ್ತು. ಎಷ್ಟು ದಿನ ತಡೆದುಕೊಂಡಾಳು?

ಇದನ್ನು ತಪ್ಪಿಸುವುದು ಲೋಕದಲ್ಲಿ ಒಬ್ಬರ ಕೈಯಲ್ಲಿದೆ, ಅದು ತಾವು. ನಾನು ಪದಕವನ್ನು ವಾಪಸು ಕೇಳುತ್ತಿಲ್ಲ. ಅದು ಅವರ ಕೊರಳಲ್ಲೇ ಇರಲಿ, ಅವರ ಮನೆಯವರು ಪಟ್ಟ ಸಂತೋಷ ನಿಜವಾದದ್ದೇ. ಕ್ಷಮೆಯನ್ನೂ ಕೇಳುತ್ತಿಲ್ಲ. ದೊಡ್ಡವರು ಕ್ಷಮೆ ಕೇಳಿದರೆ ಅದಕ್ಕೊಂದು ಸಮಾರಂಭವಾಗುತ್ತದೆ, ಸಮಾರಂಭದ ವರದಿ ಪತ್ರಿಕೆಯಲ್ಲಿ ಬರುತ್ತದೆ, ಅಷ್ಟರಲ್ಲಿ ನಮ್ಮ ಗೋಡೆ ಬಿದ್ದಿರುತ್ತದೆ. ನನಗೆ ಬೇಕಾದದ್ದು ತಮ್ಮ ಮುದ್ರೆಯಿರುವ ಒಂದು ಹಾಳೆ, ಅದರಲ್ಲಿ ಎರಡು ಸಾಲು, ತಾಮೀರಾತ್ ಕಚೇರಿಯ ಹೆಸರಿಗೆ: 'ಕಂಬದ ಮೇಲಿನ ಗೆರೆಗಳು ಸಿಡುಬಿನಿಂದ ಉಳಿದವರ ಎತ್ತರ. ಅಲ್ಲಿ ನೆರೆ ಬಂದದ್ದಕ್ಕೆ ಆಧಾರವಿಲ್ಲ.' ಇದನ್ನು ಬರೆಯುವ ಮೊದಲು ಬಂದು ನೋಡಬೇಕೆನಿಸಿದರೆ ಬನ್ನಿರಿ. ಗಾಳೆಮ್ಮ ಇನ್ನೂ ಬದುಕಿದ್ದಾಳೆ, ಹೆಸರುಗಳನ್ನು ಮತ್ತೊಮ್ಮೆ ಹೇಳುತ್ತಾಳೆ. ಈ ಸಲ ಹೆಸರುಗಳನ್ನು ಬರೆದುಕೊಳ್ಳುವವರೊಬ್ಬರನ್ನು ಕರೆತನ್ನಿರಿ. ಬರಲು ಪುರಸತ್ತಿಲ್ಲವಾದರೆ ಆ ಎರಡು ಸಾಲನ್ನಾದರೂ ಕಳಿಸಿರಿ. ಯುಗಾದಿಗೆ ಇನ್ನು ಐವತ್ತೆರಡು ದಿನ. ರಾಜಧಾನಿಯ ಟಪಾಲು ಲಿಂಗಸುಗೂರಿಗೆ ಬರಲು ನಾಲ್ಕು ದಿನ ಸಾಕು. ಉಳಿದ ದಿನಗಳನ್ನೆಲ್ಲ ತಮ್ಮ ಆಲೋಚನೆಗೆ ಬಿಟ್ಟುಕೊಟ್ಟಿದ್ದೇನೆ.

ತಾವು ಬರೆಯದಿದ್ದರೆ ನನ್ನ ಮಗಳು ಅಳಿಸುತ್ತಾಳೆ. ತಮ್ಮ ದಾಖಲೆಯಲ್ಲಿ ಒಂದು ನೆರೆ ಕಡಿಮೆಯಾಗುತ್ತದೆ. ಅವಳು ಮಾತ್ರ ಬದುಕಿರುವತನಕ ದಿನಾ ಬೆಳಿಗ್ಗೆ ಎದ್ದು, ಮಲಗಿರುವ ಮಗಳ ಹಣೆಗೆ ಕೈ ಇಟ್ಟು ಬಿಸಿ ಇದೆಯೇ ಎಂದು ನೋಡುತ್ತಾಳೆ.

ಇಂತಿ,
ಊರಿಗೆಲ್ಲ ಅರ್ಜಿ ಬರೆದುಕೊಟ್ಟು, ಹೆತ್ತ ಮಗಳಿಗೆ ಒಂದು ಮಾತು ಹೇಳಲಾರದೆ ಕುಳಿತಿರುವ
ಕುಂಬಾರ ಜಂಬಣ್ಣ
ಬೇವಿನ ಗಿಡದ ಕೆಳಗೆ, ತಹಶೀಲ ಕಚೇರಿಯ ಎದುರು, ಲಿಂಗಸುಗೂರು
ಇಸ್ಫಂದಾರ್ ತಿಂಗಳು, ಫಸಲಿ 1351